ಹಾಜರಿಗೂ ನಿಲ್ಲದೆ ಗುಡ್ಡ ಹತ್ತಿದ ಮಕ್ಕಳು: ಕಮಾಯಿಶಿಯ ವಿಪತ್ತು ಪಾಠ, ಒಂದು ಪ್ರಕರಣ ಅಧ್ಯಯನ

ಜಪಾನಿನ ಈಶಾನ್ಯ ಕರಾವಳಿಯ ಇವಾತೆ ಪ್ರಾಂತ್ಯದಲ್ಲಿ ಕಮಾಯಿಶಿ ಎಂಬ ಊರಿದೆ. ಉಕ್ಕಿನ ಕಾರ್ಖಾನೆ, ಮೀನುಗಾರಿಕೆ ಮತ್ತು ರಗ್ಬಿ ಆಟಕ್ಕೆ ಹೆಸರಾದ, ಸುಮಾರು 40 ಸಾವಿರ ಜನರಿದ್ದ ಊರು. 2011ರ ಮಾರ್ಚ್ 11ರ ಸುನಾಮಿ ಇಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ಊರಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳು ಸುಮಾರು 3,000. ಅವರಲ್ಲಿ ತೀರಿಕೊಂಡವರು ಐವರು. ಆ ಐವರೂ ಆ ಹೊತ್ತಿನಲ್ಲಿ ಶಾಲೆಯ ಸುಪರ್ದಿಯಲ್ಲಿ ಇರಲಿಲ್ಲ.

ಮಕ್ಕಳಿಗೆ ವಿಪತ್ತಿನ ಬಗ್ಗೆ ಕಲಿಸಬೇಕು ಎನ್ನುವವರೆಲ್ಲ ಈ ಅಂಕಿಯನ್ನು ಎತ್ತಿ ತೋರಿಸುತ್ತಾರೆ. ತೋರಿಸಲಿ. ಆದರೆ ಅಂಕಿ ಹೇಳಿ ಮುಗಿಸಿದರೆ ಏನೂ ಕಲಿತಂತಾಗುವುದಿಲ್ಲ. ಅದಕ್ಕೂ ಹಿಂದಿನ ಆರೇಳು ವರ್ಷ ಅಲ್ಲಿನ ತರಗತಿಗಳಲ್ಲಿ ಏನು ನಡೆಯಿತು, ಆ ದಿನ ಅದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಕೇವಲ ಅದೃಷ್ಟ, ಅದೇ ಊರಿನ ದೊಡ್ಡವರಿಗೆ ಕೊಟ್ಟ ತರಬೇತಿ ಏಕೆ ತಿರುಗುಬಾಣವಾಯಿತು ಎಂಬುದನ್ನು ಬಿಡಿಸಿ ನೋಡಬೇಕು. ಇನ್ನೊಂದು ವಿಷಯ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಕಮಾಯಿಶಿಯ ಮಕ್ಕಳು ತಪ್ಪಿಸಿಕೊಳ್ಳುವುದನ್ನು ಕಲಿತಷ್ಟೇ ನೆರವು ನೀಡುವುದನ್ನೂ ಕಲಿತಿದ್ದರು. ಇವೆರಡನ್ನು ಬೇರೆ ಬೇರೆ ಅಧ್ಯಾಯವಾಗಿ ಕಲಿಸಿದ್ದರೆ ಆ ಮಧ್ಯಾಹ್ನದ ಕಥೆ ಬೇರೆಯೇ ಆಗಿರುತ್ತಿತ್ತು ಎಂಬುದು ನನ್ನ ಅನಿಸಿಕೆ.

ಸಮುದ್ರ ಮೂರು ಬಗೆಯಲ್ಲಿ ಬಂದಿತ್ತು

ಈ ಕರಾವಳಿಗೆ ಸಾನ್‌ರಿಕು ಎನ್ನುತ್ತಾರೆ. ಗುಡ್ಡಗಳು ನೇರ ಸಮುದ್ರಕ್ಕೆ ಇಳಿಯುತ್ತವೆ, ನಡುನಡುವೆ ಕಿರಿದಾದ ಕೊಲ್ಲಿಗಳು. ಅಗಲವಾದ ಬಾಯಿಯಿಂದ ಒಳನುಗ್ಗಿದ ನೀರು ಇಕ್ಕಟ್ಟಾದ ತುದಿ ತಲುಪುವಾಗ ಬೇರೆ ದಾರಿ ಕಾಣದೆ ಮೇಲೇರುತ್ತದೆ. ಊರುಗಳು ಇರುವುದೂ ಆ ತುದಿಗಳಲ್ಲೇ.

1896ರ ಜೂನ್ 15ರ ಸಂಜೆ ಇಲ್ಲಿ ನೆಲ ನಡುಗಿದ್ದು ಬಹಳ ಸಣ್ಣಗೆ. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅರ್ಧ ಗಂಟೆಯ ನಂತರ ಬಂದ ಅಲೆಗೆ ಸುಮಾರು 22,000 ಜನ ಸತ್ತರು, ಕಮಾಯಿಶಿಯ ಅರ್ಧಕ್ಕಿಂತ ಹೆಚ್ಚು ಜನ ಅದರಲ್ಲಿ ಹೋದರು. 1933ರ ಮಾರ್ಚ್ 3ರಂದು ನೆಲ ಜೋರಾಗಿಯೇ ನಡುಗಿತು, ಸುಮಾರು 3,000 ಜನ ಸತ್ತರು ಇಲ್ಲವೇ ಕಾಣೆಯಾದರು. 1960ರ ಮೇನಲ್ಲಿ ನೆಲ ನಡುಗಲೇ ಇಲ್ಲ. ಪೆಸಿಫಿಕ್ ಸಾಗರದ ಆಚೆ ತುದಿಯ ಚಿಲಿಯಲ್ಲಿ ಆದ ಭೂಕಂಪದ ಅಲೆ ಸುಮಾರು ಒಂದು ದಿನ ಪಯಣಿಸಿ ಜಪಾನಿಗೆ ಬಡಿಯಿತು, 142 ಜನರನ್ನು ಕೊಂಡೊಯ್ದಿತು.

ಈ ಮೂರನ್ನು ಅಕ್ಕಪಕ್ಕ ಇಟ್ಟರೆ ಪಾಠ ಮಾಡುವವರಿಗೆ ಒಂದು ತೊಡಕು ಕಾಣುತ್ತದೆ. ಹಿಂದಿನ ಸುನಾಮಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡವನಿಗೆ ಮುಂದಿನದು ಮೋಸ ಮಾಡಬಹುದು. ಸಣ್ಣ ನಡುಕಕ್ಕೆ ದೊಡ್ಡ ಅಲೆ ಬರುತ್ತದೆ, ನಡುಕವೇ ಇಲ್ಲದೆಯೂ ಬರುತ್ತದೆ. ‘ಅಂದು ನೀರು ಇಲ್ಲಿಯವರೆಗೆ ಬಂದಿತ್ತು’ ಎಂಬ ಅಜ್ಜನ ಮಾತು ಎಚ್ಚರಿಕೆಯಾಗಿ ಹುಟ್ಟಿ, ಮೊಮ್ಮಗನ ಕಾಲಕ್ಕೆ ‘ಇಲ್ಲಿಂದಾಚೆ ಬರುವುದಿಲ್ಲ’ ಎಂಬ ಭರವಸೆಯಾಗಿ ಬದಲಾಗುತ್ತದೆ.

ಇದರ ಮೇಲೆ ಕಮಾಯಿಶಿ ಕೊಲ್ಲಿಯ ಬಾಯಿಗೆ ಒಂದು ಭಾರಿ ತಡೆಗೋಡೆ ಎದ್ದಿತು. 63 ಮೀಟರ್ ಆಳದ ಸಮುದ್ರತಳದಿಂದ ಮೇಲೆದ್ದ, ಜಗತ್ತಿನ ಅತಿ ಆಳದ ತಡೆಗೋಡೆ ಎಂದು ಗಿನ್ನೆಸ್ ದಾಖಲೆಗೆ ಸೇರಿದ್ದು. ಮೂರು ದಶಕ ಹಿಡಿದ ಆ ಕಾಮಗಾರಿ ಮುಗಿದದ್ದು 2009ರಲ್ಲಿ. ಅಷ್ಟು ದೊಡ್ಡ ಗೋಡೆ ಕಣ್ಣೆದುರಿಗೆ ಇರುವಾಗ ಓಡುವ ಅಗತ್ಯವೇನು ಎಂದು ಜನರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆಪತ್ರಿಕೆ ಮನೆಗೆ ಹೋಯಿತು

ಆಗ ಗುನ್ಮಾ ವಿಶ್ವವಿದ್ಯಾಲಯದಲ್ಲಿದ್ದ ತೊಶಿತಾಕಾ ಕತಾದಾ ಕಮಾಯಿಶಿಯ ಕೆಲಸಕ್ಕೆ ಕೈಹಾಕಿದ್ದು 2004ರ ಸುಮಾರಿಗೆ. ಮೊದಲು ಅವರು ಎಲ್ಲರಂತೆ ದೊಡ್ಡವರಿಗೆ ಉಪನ್ಯಾಸ ಕೊಟ್ಟರು. ಬರುತ್ತಿದ್ದವರು ಪ್ರತಿ ಸಲವೂ ಅದೇ ಜನ, ಅಂದರೆ ಮೊದಲೇ ಎಚ್ಚರವಾಗಿದ್ದವರು. ಎಚ್ಚರಿಸಬೇಕಾದವರು ಸಭೆಗೇ ಬರುವುದಿಲ್ಲ. ಹೀಗಾಗಿ ಅವರು ಶಾಲೆಗಳತ್ತ ಹೊರಳಿದರು. ಲೆಕ್ಕ ಸರಳ: ಇಂದು ಕಲಿತ ಮಗು ಹತ್ತು ವರ್ಷಕ್ಕೆ ವಯಸ್ಕ, ಇನ್ನೊಂದು ಹತ್ತು ವರ್ಷಕ್ಕೆ ತಾಯಿ ಅಥವಾ ತಂದೆ. ಮಗುವಿನ ಹಿಂದೆ ಮನೆಯೂ ಬರುತ್ತದೆ.

ಅವರು ಮೊದಲು ಕೇಳಿದ ಪ್ರಶ್ನೆ ಇದು: ನೀನು ಮನೆಯಲ್ಲಿ ಒಬ್ಬನೇ ಇರುವಾಗ ದೊಡ್ಡ ಭೂಕಂಪವಾದರೆ ಏನು ಮಾಡುತ್ತೀಯ? ಅಮ್ಮನಿಗೆ ಫೋನ್ ಮಾಡುತ್ತೇನೆ, ಅಪ್ಪ ಅಮ್ಮ ಬರುವವರೆಗೆ ಕಾಯುತ್ತೇನೆ ಎಂದು ಬಹಳಷ್ಟು ಮಕ್ಕಳು ಬರೆದರು. ಒಳ್ಳೆಯ ಮಕ್ಕಳು ಬರೆಯುವ ಉತ್ತರವೇ. ಕತಾದಾ ಅದನ್ನು ತಿದ್ದಿ ಅಂಕ ಕೊಡಲಿಲ್ಲ. ಆ ಹಾಳೆಗಳನ್ನು ಮನೆಗೆ ಕಳಿಸಿ ಪೋಷಕರಿಗೆ ಇನ್ನೊಂದು ಪ್ರಶ್ನೆ ಹಾಕಿದರು: ನಿಮ್ಮ ಮಗುವಿನ ಈ ಉತ್ತರ ನೋಡಿದರೆ, ಮುಂದಿನ ಸುನಾಮಿಯಲ್ಲಿ ಅದು ಬದುಕುತ್ತದೆ ಎಂದು ನಿಮಗೆ ಅನ್ನಿಸುತ್ತದೆಯೇ?

ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಪಾಠೋಪಕರಣ ಈ ಒಂದು ಹಾಳೆ. ಖರ್ಚಿಲ್ಲ, ಚಿತ್ರವಿಲ್ಲ, ವಿಡಿಯೊ ಇಲ್ಲ. ಸಭೆಗೆ ಬಾರದಿದ್ದ ದೊಡ್ಡವರ ಮನೆಯ ಊಟದ ಹೊತ್ತಿಗೆ ಅದು ತಾನಾಗಿಯೇ ತಲುಪಿತು.

ನಂತರ ಬಂದದ್ದು ಅಪಾಯದ ನಕ್ಷೆ. ನೀರು ಎಲ್ಲಿಯವರೆಗೆ ಬರಬಹುದು ಎಂದು ಬಣ್ಣ ಹಚ್ಚಿದ ಸರ್ಕಾರಿ ನಕ್ಷೆಯನ್ನು ಕೊಟ್ಟಾಗ ಮಕ್ಕಳು ಮೊದಲು ಹುಡುಕಿದ್ದು ತಮ್ಮ ಮನೆಯನ್ನು. ಮನೆ ಬಣ್ಣದ ಆಚೆಗಿದ್ದರೆ ಖುಷಿ. ಅಲ್ಲಿಗೇ ನಿಲ್ಲಿಸಿದ್ದರೆ ನಕ್ಷೆ ಕೊಡದೇ ಇರುವುದೇ ವಾಸಿ ಎನ್ನುವಂತಾಗುತ್ತಿತ್ತು. ಆ ಗೆರೆ ಹಳೆಯ ಅಲೆಗಳ ಆಧಾರದ ಮೇಲೆ ಎಳೆದ ಒಂದು ಅಂದಾಜು, ಮುಂದಿನ ಅಲೆಗೆ ಅದನ್ನು ಓದಲು ಬರುವುದಿಲ್ಲ ಎಂಬುದನ್ನು ಮಕ್ಕಳಿಗೆ ಮನದಟ್ಟು ಮಾಡಿಸಬೇಕಾಯಿತು. ಇದರಿಂದಲೇ ಮೂರು ಸೂತ್ರಗಳಲ್ಲಿ ಮೊದಲನೆಯದು ಬಂತು: ಅಂದಾಜನ್ನು ನಂಬಿ ಕೂರಬೇಡ. ಎರಡನೆಯದು: ಆ ಕ್ಷಣದಲ್ಲಿ ನಿನ್ನಿಂದಾಗುವ ಅತ್ಯುತ್ತಮವಾದದ್ದನ್ನು ಮಾಡು. ಮೂರನೆಯದು: ಎಲ್ಲರಿಗಿಂತ ಮೊದಲು ನೀನು ಓಡು.

ಮೂರನೆಯದನ್ನು ಕೇಳಿದಾಗ ಮಕ್ಕಳಿಗೆ ಮುಜುಗರವಾಯಿತಂತೆ. ಬೇರೆಯವರನ್ನು ಬಿಟ್ಟು ತಾನೊಬ್ಬನೇ ಓಡುವುದು ಸರಿಯೇ? ಇಲ್ಲಿ ಕತಾದಾ ಗುಂಪಿನ ಮನಸ್ಸನ್ನು ವಿವರಿಸುತ್ತಿದ್ದರು. ಅಪಾಯದ ಗಂಟೆ ಬಾರಿಸಿದಾಗ ಜನ ಕಿಟಕಿಯಾಚೆ ನೋಡುವುದಿಲ್ಲ, ಪಕ್ಕದವನ ಮುಖ ನೋಡುತ್ತಾರೆ. ಅವನು ಕೂತಿದ್ದರೆ ಇವನೂ ಕೂರುತ್ತಾನೆ. ಒಬ್ಬ ಎದ್ದು ಓಡಿದರೆ ಆ ಕಟ್ಟು ಹರಿಯುತ್ತದೆ. ಹಾಗಾಗಿ ಮೊದಲು ಓಡುವುದು ಸ್ವಾರ್ಥವಲ್ಲ, ಉಳಿದವರಿಗೆ ಮಾಡುವ ಮೊದಲ ಉಪಕಾರ.

ಇದಕ್ಕೆಂದು ಪ್ರತ್ಯೇಕ ಪಿರಿಯಡ್ ಸಿಗುವುದು ಎಲ್ಲ ಶಾಲೆಗಳಲ್ಲೂ ಕಷ್ಟ. ಕಮಾಯಿಶಿಯ ಶಿಕ್ಷಕರು ಇರುವ ವಿಷಯಗಳೊಳಗೇ ಇದನ್ನು ಸೇರಿಸಿದರು, ಕೊನೆಗೆ ಅದಕ್ಕೊಂದು ಕೈಪಿಡಿಯೂ ಬಂತು. ಗಣಿತದಲ್ಲಿ ಸುನಾಮಿಯ ವೇಗದ ಲೆಕ್ಕ. ಲೆಕ್ಕ ಹೇಗಿರಬಹುದು ಎಂದರೆ: ಸಮುದ್ರದ ಆಳವನ್ನು ಗುರುತ್ವದ ವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲ ತೆಗೆದರೆ ಅಲೆಯ ವೇಗ ಸಿಗುತ್ತದೆ. 4,000 ಮೀಟರ್ ಆಳದಲ್ಲಿ ಅದು ಗಂಟೆಗೆ 700 ಕಿ.ಮೀ. ದಾಟುತ್ತದೆ, ವಿಮಾನದ ವೇಗ. ದಡದ ಹತ್ತಿರ 10 ಮೀಟರ್ ಆಳಕ್ಕೆ ಬಂದಾಗ ಗಂಟೆಗೆ ಸುಮಾರು 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ನೂರು ಮೀಟರ್ ಓಟವನ್ನು 10 ಸೆಕೆಂಡಿನಲ್ಲಿ ಮುಗಿಸುವವನೊಬ್ಬನೇ ಅದಕ್ಕೆ ಸರಿಸಾಟಿ. ಅಲೆ ಕಂಡ ಮೇಲೆ ಓಡುವುದು ತಡವಾಯಿತು ಎಂಬುದನ್ನು ನೂರು ಸಲ ಬಾಯಲ್ಲಿ ಹೇಳುವ ಬದಲು ಮಗುವೇ ಲೆಕ್ಕ ಮಾಡಿ ಕಂಡುಕೊಳ್ಳುತ್ತದೆ.

ಕಮಾಯಿಶಿ ಪ್ರಾಥಮಿಕ ಶಾಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಮಕ್ಕಳು ಶಾಲೆಯಲ್ಲಿ ಇರುವುದಕ್ಕಿಂತ ಹೊರಗಿರುವ ಹೊತ್ತೇ ಹೆಚ್ಚು. ಹಾಗಾಗಿ ಅಲ್ಲಿ ಶಾಲೆ ಬಿಟ್ಟು ಮನೆಗೆ ನಡೆದು ಹೋಗುವ ಹೊತ್ತಿನಲ್ಲೇ ಅಣಕು ತೆರವು ನಡೆಸಿದರು. ಎಚ್ಚರಿಕೆ ಮೊಳಗಿದಾಗ ದಾರಿಯಲ್ಲಿರುವ ಮಗು ಶಾಲೆಗೂ ಓಡಬಾರದು, ಮನೆಗೂ ಓಡಬಾರದು, ತಾನು ನಿಂತ ಜಾಗಕ್ಕೆ ಹತ್ತಿರದ ಎತ್ತರಕ್ಕೆ ಓಡಬೇಕು. ಮಕ್ಕಳೇ ಬೀದಿ ಬೀದಿ ಸುತ್ತಿ ತಮ್ಮ ನಕ್ಷೆ ಬರೆದಿದ್ದರಿಂದ ಯಾವ ಸಂದು ಎಲ್ಲಿಗೆ ಏರುತ್ತದೆ ಎಂಬುದು ಅವರಿಗೆ ಕಾಲಿಗೇ ಗೊತ್ತಿತ್ತು.

ಆ ಮಧ್ಯಾಹ್ನ

ಊರಿನ ಉತ್ತರ ಭಾಗದ ಉನೊಸುಮಾಯಿಯಲ್ಲಿ ಎರಡು ಶಾಲೆಗಳು ಒಂದರ ಪಕ್ಕ ಒಂದು ಇದ್ದವು. ಒಂದು ಉನೊಸುಮಾಯಿ ಪ್ರಾಥಮಿಕ ಶಾಲೆ, ಇನ್ನೊಂದು ‘ಕಮಾಯಿಶಿ ಪೂರ್ವ’ ಎಂಬ ಹೆಸರಿನ ಮಾಧ್ಯಮಿಕ ಶಾಲೆ. ಎರಡೂ ಕಡಲಿಗೆ ಹತ್ತಿರ, ಆದರೆ ಸರ್ಕಾರಿ ನಕ್ಷೆಯ ಬಣ್ಣದ ಆಚೆಗೆ. ಎರಡೂ ಸೇರಿ ಆರುನೂರಕ್ಕೆ ಹತ್ತಿರ ಮಕ್ಕಳು.

2 ಗಂಟೆ 46 ನಿಮಿಷಕ್ಕೆ ನೆಲ ನಡುಗಿತು. ತೀವ್ರತೆ 9. ಮೂರು ನಿಮಿಷದಲ್ಲಿ ಹವಾಮಾನ ಸಂಸ್ಥೆಯ ಸುನಾಮಿ ಎಚ್ಚರಿಕೆ ಬಂತು, ಇವಾತೆ ಕರಾವಳಿಗೆ 3 ಮೀಟರ್ ಎತ್ತರದ ಅಲೆ ಎಂದು. ಆ ಅಂದಾಜು ಎಷ್ಟೋ ಪಾಲು ಕಡಿಮೆ. ಮತ್ತೆ ಏರಿಸಿ ಹೇಳುವ ಹೊತ್ತಿಗೆ ಹಲವು ಕಡೆ ಕರೆಂಟು ಹೋಗಿ ಕೇಳಿಸಿಕೊಳ್ಳುವವರೇ ಇರಲಿಲ್ಲ. ಮೂರು ಮೀಟರಿಗೆ ನಮ್ಮ ಗೋಡೆ ಸಾಕು ಎಂದುಕೊಂಡು ಮನೆಯಲ್ಲೇ ಉಳಿದವರು ಎಷ್ಟೋ ಮಂದಿ.

ಮಾಧ್ಯಮಿಕ ಶಾಲೆಯಲ್ಲೂ ಕರೆಂಟು ಹೋಗಿ ಧ್ವನಿವರ್ಧಕ ಸತ್ತಿತ್ತು. ಆದೇಶ ಬರಲಿಲ್ಲ. ಮಕ್ಕಳು ಆದೇಶಕ್ಕೆ ಕಾಯಲೂ ಇಲ್ಲ. ಮೈದಾನದಲ್ಲಿ ಸಾಲು ನಿಂತು ಹಾಜರಿ ಹಾಕಿಸಿಕೊಳ್ಳುವ ಕ್ರಮವನ್ನೂ ಬಿಟ್ಟು ಓಡತೊಡಗಿದರು, ಶಿಕ್ಷಕರೂ ಓಡಿ ಎಂದು ಕೂಗಿದರು. ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಆಗ ಮಕ್ಕಳನ್ನು ಮೂರನೇ ಮಹಡಿಗೆ ಹತ್ತಿಸಲಾಗುತ್ತಿತ್ತು. ಗಟ್ಟಿ ಕಟ್ಟಡ, ಹೊರಗೆ ಚಳಿ, ಅದೇನೂ ಮೂರ್ಖ ನಿರ್ಧಾರವಲ್ಲ. ಆದರೆ ಮಾಧ್ಯಮಿಕ ಶಾಲೆಯ ಅಣ್ಣ ಅಕ್ಕಂದಿರು ಗುಡ್ಡದತ್ತ ಓಡುವುದು ಕಂಡಿತು. ಮೂರನೇ ಮಹಡಿಯಿಂದ ಇಳಿದು ಅವರೂ ಹಿಂದೆ ಹೊರಟರು. ಮೂರನೇ ಸೂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಮೂರನೇ ಮಹಡಿಗೆ ನೀರು ಬಂತು. ಅಲೆ ಇಳಿದ ಮೇಲೆ ತೆಗೆದ ಫೋಟೊದಲ್ಲಿ ಆ ಮಹಡಿಗೆ ಒಂದು ಕಾರು ಮೂತಿ ತೂರಿಸಿ ಸಿಕ್ಕಿಕೊಂಡಿದೆ.

ಗೊತ್ತುಮಾಡಿದ ತಾಣ ಶಾಲೆಯಿಂದ ಏಳೆಂಟುನೂರು ಮೀಟರ್ ದೂರದ ವೃದ್ಧರ ಆರೈಕೆ ಕೇಂದ್ರ. ಅಲ್ಲಿಗೆ ಬಂದು ಎಲ್ಲರೂ ಸಾಲು ನಿಂತರು. ಅಭ್ಯಾಸದ ಪ್ರಕಾರ ಅಲ್ಲಿಗೆ ಮುಗಿಯಿತು. ಆದರೆ ಕಟ್ಟಡದ ಹಿಂದಿನ ದಿಬ್ಬದಿಂದ ಮಣ್ಣು ಕಲ್ಲು ಉದುರುತ್ತಿತ್ತು. ಇಲ್ಲಿ ನಿಲ್ಲುವುದು ಬೇಡ, ಇನ್ನೂ ಮೇಲಕ್ಕೆ ಹೋಗೋಣ ಎಂಬ ಮಾತು ಮಕ್ಕಳಿಂದಲೇ ಬಂತು, ಶಿಕ್ಷಕರು ಕೇಳಿದರು. ಈ ಕೇಳಿಸಿಕೊಂಡದ್ದನ್ನು ಕಥೆ ಹೇಳುವವರು ಹೆಚ್ಚಾಗಿ ಮರೆಯುತ್ತಾರೆ. ಗೊತ್ತುಮಾಡಿದ ಜಾಗಕ್ಕೆ ತಂದು ಮುಟ್ಟಿಸಿದ ಮೇಲೆ ಮತ್ತೆ ಹೊರಡಿಸುವುದು ಒಬ್ಬ ಶಿಕ್ಷಕನಿಗೆ ಎಷ್ಟು ಕಷ್ಟದ ನಿರ್ಧಾರ! ಹೊಸ ಜಾಗದಲ್ಲಿ ಒಂದು ಮಗುವಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವರು ಅವರೇ.

ಎರಡನೇ ಹಂತದ ಓಟದಲ್ಲಿ ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದರು. ದಾರಿಯಲ್ಲಿ ಶಿಶುವಿಹಾರದ ಶಿಕ್ಷಕಿಯರು ಪುಟಾಣಿಗಳನ್ನು ಬೆನ್ನಿಗೆ ಕಟ್ಟಿಕೊಂಡು, ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಏದುಸಿರು ಬಿಡುತ್ತಿದ್ದರು. ಆ ಗಾಡಿಗಳಿಗೆ ಮಾಧ್ಯಮಿಕ ಶಾಲೆಯ ಮಕ್ಕಳ ಕೈ ಸೇರಿತು. ಇದು ಆ ಕ್ಷಣದ ಕರುಣೆಯಷ್ಟೇ ಅಲ್ಲ. ಎರಡೂ ಶಾಲೆಗಳು ಒಟ್ಟಿಗೆ ಅಭ್ಯಾಸ ಮಾಡಿದ್ದವು. ಎರಡನೇ ಆರೈಕೆ ಕೇಂದ್ರ ತಲುಪುವಷ್ಟರಲ್ಲಿ ಹಿಂದೆ ಮೊದಲ ತಾಣವನ್ನು ನೀರು ನುಂಗಿತ್ತು. ಅಲೆಯ ಮೂತಿ ಎರಡನೆಯದಕ್ಕೂ ಸಮೀಪ ಬಂದು ನಿಂತಿತು. ಅವರು ಇನ್ನೂ ಮೇಲೆ, ಗುಡ್ಡದ ತಿರುವಿನವರೆಗೆ ಓಡಿದರು. ಶಾಲೆಯಿಂದ ಅಲ್ಲಿಗೆ ಸುಮಾರು 1.6 ಕಿ.ಮೀ.

ಈ ದೂರವನ್ನು ಇಟ್ಟುಕೊಂಡು ಯಾವ ತರಗತಿಯಲ್ಲೂ ಒಂದು ಲೆಕ್ಕ ಮಾಡಿಸಬಹುದು. ಸೆಕೆಂಡಿಗೆ 2 ಮೀಟರ್ ಓಡುವವನಿಗೆ 13 ನಿಮಿಷ ಚಿಲ್ಲರೆ. ಪುಟ್ಟ ಮಗುವಿನ ಕೈ ಹಿಡಿದು ಸೆಕೆಂಡಿಗೆ 1 ಮೀಟರ್ ಹೋಗುವವನಿಗೆ ಸುಮಾರು 27 ನಿಮಿಷ. ನಡುಕಕ್ಕೂ ಅಲೆಗೂ ನಡುವೆ ಇದ್ದದ್ದು ಅರ್ಧ ಗಂಟೆಯ ಆಸುಪಾಸು. ಮೈದಾನದಲ್ಲಿ ಹತ್ತು ನಿಮಿಷ ಹಾಜರಿ ಕೂಗಿದ್ದರೆ ಉಳಿಯುತ್ತಿದ್ದದ್ದು ಎಷ್ಟು?

ಆ ಲೆಕ್ಕದ ಕರಾಳ ಉತ್ತರ ಅದೇ ದಿನ ಪಕ್ಕದ ಮಿಯಾಗಿ ಪ್ರಾಂತ್ಯದಲ್ಲಿ ಸಿಕ್ಕಿತು. ಇಶಿನೊಮಾಕಿಯ ಓಕಾವಾ ಪ್ರಾಥಮಿಕ ಶಾಲೆಯ ಮಕ್ಕಳನ್ನು ಶಾಲೆಯ ಹಿಂದೆಯೇ ಗುಡ್ಡವಿದ್ದರೂ ಸುಮಾರು 50 ನಿಮಿಷ ಮೈದಾನದಲ್ಲೇ ನಿಲ್ಲಿಸಿಕೊಳ್ಳಲಾಯಿತು. 108 ಮಕ್ಕಳ ಶಾಲೆಯಲ್ಲಿ 74 ಮಕ್ಕಳು, ಜೊತೆಗೆ 10 ಸಿಬ್ಬಂದಿ ಹೋದರು. ಮೊದಲೇ ಸರಿಯಾದ ತಾಣ ಗೊತ್ತುಮಾಡದೆ ಇದ್ದದ್ದು ಆಡಳಿತದ ಲೋಪ ಎಂದು ಹೈಕೋರ್ಟ್ 2018ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಹಂತದಲ್ಲಿ ಅದೇ ತೀರ್ಪು ಖಾಯಂ ಆಯಿತು.

ಕಮಾಯಿಶಿ ಪ್ರಾಥಮಿಕ ಶಾಲೆಯಲ್ಲಿ ಆ ದಿನ ಬೇಗ ಬಿಟ್ಟಿದ್ದರು. 184 ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿದ್ದರು, ಕೆಲವರು ಆಟದಲ್ಲಿ, ಕೆಲವರು ದಡದ ಬಳಿ. ಶಿಕ್ಷಕರಿಲ್ಲ, ಸಾಲಿಲ್ಲ, ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇಲ್ಲ. 184 ಮಕ್ಕಳೂ ಬದುಕಿದರು. ಕದಲಲು ಒಪ್ಪದ ಅಜ್ಜ ಅಜ್ಜಿಯರನ್ನು ಕಾಡಿ ಬೇಡಿ ಎಬ್ಬಿಸಿಕೊಂಡು ಹೋದ ಮಕ್ಕಳೂ ಅವರಲ್ಲಿದ್ದಾರೆ. ಉನೊಸುಮಾಯಿಯ ಓಟಕ್ಕಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ಹಿಂಬಾಲಿಸಲು ಯಾರ ಬೆನ್ನೂ ಇರಲಿಲ್ಲ.

ಅನುಕೂಲಕ್ಕೆಂದು ಮಾಡಿದ ಅಭ್ಯಾಸ

ಉನೊಸುಮಾಯಿಯಲ್ಲೇ ಇನ್ನೊಂದು ಕಟ್ಟಡವಿತ್ತು, ಹೆಸರೇ ವಿಪತ್ತು ನಿವಾರಣಾ ಕೇಂದ್ರ. 2010ರಲ್ಲಿ ತೆರೆದ ಹೊಸ ಎರಡಂತಸ್ತಿನ ಕಟ್ಟಡ. ಸುನಾಮಿ ಬಂದಾಗ ಓಡಿ ಸೇರಬೇಕಾದ ತಾಣ ಅದಾಗಿರಲೇ ಇಲ್ಲ, ಸರಿಯಾದ ತಾಣ ಗುಡ್ಡದ ಮೇಲಿತ್ತು. ಆದರೆ ಗುಡ್ಡ ಹತ್ತಲು ವಯಸ್ಸಾದವರಿಗೆ ಕಷ್ಟ, ಅಭ್ಯಾಸಕ್ಕೆ ಬರುವವರ ಸಂಖ್ಯೆ ಕಡಿಮೆ. ಹೆಚ್ಚು ಜನ ಬರಲಿ ಎಂದು ಅಭ್ಯಾಸವನ್ನು ಈ ಕಟ್ಟಡದಲ್ಲೇ ನಡೆಸಿದರು. 1933ರ ಸುನಾಮಿಯ ನೆನಪಿನ ದಿನವಾದ ಮಾರ್ಚ್ 3ರಂದು, ಅಂದರೆ ದುರಂತಕ್ಕೆ ಎಂಟು ದಿನ ಮೊದಲು ಕೂಡ ಜನ ಅಲ್ಲೇ ಸೇರಿದ್ದರು.

ಮಾರ್ಚ್ 11ರಂದು ಅಭ್ಯಾಸದಂತೆ ಅವರು ಅಲ್ಲಿಗೇ ಬಂದರು. ನೀರು ಎರಡನೇ ಮಹಡಿಯ ಚಾವಣಿಗೆ ಹತ್ತಿರ ಏರಿತು. ಅಲ್ಲಿ ಸತ್ತವರು 160ಕ್ಕಿಂತ ಹೆಚ್ಚು ಎಂದು ನಗರಾಡಳಿತದ ತನಿಖೆ ಅಂದಾಜು ಮಾಡಿತು.

ತರಬೇತಿ ಕೊಡಲಿಲ್ಲ ಎಂದು ಇಲ್ಲಿ ದೂರುವಂತಿಲ್ಲ. ಕೊಟ್ಟಿದ್ದರು, ಜನ ಕಲಿತಿದ್ದರು, ಕಲಿತಂತೆಯೇ ನಡೆದರು. ದೇಹಕ್ಕೆ ಒಂದು ದಾರಿ ರೂಢಿ ಮಾಡಿಸುವುದೇ ಅಣಕು ಅಭ್ಯಾಸದ ಕೆಲಸ. ಆ ದಾರಿ ತಪ್ಪಾಗಿದ್ದರೂ ರೂಢಿ ಮಾತ್ರ ಗಟ್ಟಿಯಾಗಿಯೇ ಕೂರುತ್ತದೆ. ಹಾಜರಿ ಪುಸ್ತಕ ತುಂಬಬೇಕೆಂದು, ಫೋಟೊ ಚೆನ್ನಾಗಿ ಬರಬೇಕೆಂದು, ಬಿಸಿಲಿದೆಯೆಂದು ಮೈದಾನದ ನೆರಳಿನಲ್ಲೇ ಅಭ್ಯಾಸ ಮುಗಿಸುವ ಎಲ್ಲ ಶಾಲೆಗಳಿಗೂ ಈ ಕಟ್ಟಡದ ಕಥೆ ತಿಳಿದಿರಬೇಕು. ಅಭ್ಯಾಸವೇ ನಡೆಯದ ಶಾಲೆಯ ಮಕ್ಕಳಿಗೆ ಕನಿಷ್ಠ ಗೊಂದಲವಾದರೂ ಇರುತ್ತದೆ. ತಪ್ಪು ಅಭ್ಯಾಸ ಆ ಗೊಂದಲವನ್ನೂ ಉಳಿಸುವುದಿಲ್ಲ.

ಯಾವುದು ಪಾಠ, ಯಾವುದು ಅದೃಷ್ಟ

ಪಾಠವೇ ಎಲ್ಲವನ್ನೂ ಉಳಿಸಿತು ಎಂದರೆ ಅತಿಯಾದೀತು. ಹಗಲು ಹೊತ್ತು, ಶಾಲೆಯ ದಿನ, ಹತ್ತಿರದಲ್ಲೇ ಗುಡ್ಡ. ಮಕ್ಕಳು ಹತ್ತಿ ಸೇರಿದ ಎತ್ತರದ ಹೆದ್ದಾರಿ ಸಂಚಾರಕ್ಕೆ ತೆರೆದು ವಾರವೂ ಆಗಿರಲಿಲ್ಲ, ಆ ರಾತ್ರಿ ಅವರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ಅದೇ ದಾರಿಯಾಯಿತು. ಉನೊಸುಮಾಯಿ ಪ್ರಾಥಮಿಕ ಶಾಲೆಯಲ್ಲಿ ಹಿಂದೆ ಉಳಿದ ಸಿಬ್ಬಂದಿಯೊಬ್ಬರು ಬದುಕಲಿಲ್ಲ. ‘ಕಮಾಯಿಶಿಯ ಪವಾಡ’ ಎಂದು ಪತ್ರಿಕೆಗಳು ಬರೆದದ್ದು ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ನೋವು ತಂದಿತು, ನಗರಾಡಳಿತ ಆಮೇಲೆ ಆ ಹೆಸರನ್ನು ಕೈಬಿಟ್ಟಿತು. ಬದುಕಿದ ಮಕ್ಕಳಲ್ಲೂ ಹಲವರು, ಕಲಿತದ್ದನ್ನು ಮಾಡಿದೆವು, ಪವಾಡವೇನಿಲ್ಲ ಎಂದಿದ್ದಾರೆ. ಕತಾದಾ ಅವರೂ ಸಾವಿರ ಜನ ಸತ್ತ ಊರಿನಲ್ಲಿ ತಾವು ಗೆದ್ದೆವೆಂದು ಹೇಳಿಕೊಂಡಿಲ್ಲ, ಸೋಲೆಂದೇ ಒಪ್ಪಿದ್ದಾರೆ.

ಭಯದ ಪ್ರಶ್ನೆಯೂ ಇದೆ. ಚಿಕ್ಕ ಮಕ್ಕಳಿಗೆ ಸಾವಿನ ಅಂಕಿ ಹೇಳಿ ಹೆದರಿಸಬೇಕೇ ಎಂದು ಪೋಷಕರು ಕೇಳುವುದು ನ್ಯಾಯವೇ. ಕಮಾಯಿಶಿಯ ಕ್ರಮ ಬೇರೆ. ಸಮುದ್ರವನ್ನು ಅವರು ಶತ್ರುವೆಂದು ಚಿತ್ರಿಸಲಿಲ್ಲ. ಈ ಕಡಲೇ ನಮಗೆ ಮೀನು ಕೊಟ್ಟದ್ದು, ಅದರ ಪಕ್ಕ ಬಾಳಬೇಕೆಂದರೆ ಎಂದೋ ಒಂದು ದಿನ ಓಡುವುದನ್ನು ಕಲಿತಿರಬೇಕು ಎಂಬುದು ಅಲ್ಲಿನ ಧಾಟಿ. ಭಯ ಹುಟ್ಟಿಸಿ ಅಲ್ಲೇ ಬಿಟ್ಟರೆ ಅದು ಮಗುವನ್ನು ಮರಗಟ್ಟಿಸುತ್ತದೆ. ಭಯದ ಜೊತೆಗೇ ಮಾಡಲೊಂದು ಕೆಲಸ ಕೊಟ್ಟರೆ ಕಾಲು ಕದಲುತ್ತದೆ.

ನೆರವು ಪಡೆಯುವವರಿಂದ ನೆರವಾಗುವವರ ಕಡೆಗೆ

ಇಲ್ಲಿಗೆ ನೆರವಿನ ಪಾಠ ಬರುತ್ತದೆ. ‘ಕಮಾಯಿಶಿ ಪೂರ್ವ’ ಮಾಧ್ಯಮಿಕ ಶಾಲೆ ಹಿಡಿದುಕೊಂಡ ಘೋಷವಾಕ್ಯದ ಸಾರ ಇಷ್ಟು: ರಕ್ಷಿಸಲ್ಪಡುವವರಾಗಿ ಉಳಿಯದೆ ರಕ್ಷಿಸುವವರಾಗಬೇಕು. 12ರಿಂದ 15 ವರ್ಷದ ಮಕ್ಕಳಿಗೆ ಇದು ಬರಿಯ ಮಾತಾಗಿ ಉಳಿಯಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವುದು, ಗಾಯಾಳುವನ್ನು ಹೊತ್ತೊಯ್ಯುವುದು, ನೂರಾರು ಜನರಿಗೆ ಒಟ್ಟಿಗೆ ಅಡುಗೆ ಮಾಡುವುದು, ಇವನ್ನೆಲ್ಲ ಕೈಯಾರೆ ಮಾಡಿ ಕಲಿತರು.

ಅವರು ಮಾಡಿದ ಒಂದು ವಸ್ತುವನ್ನು ಹತ್ತಿರದಿಂದ ನೋಡಬೇಕು. ಬಾಗಿಲಿಗೆ ತೂಗುಹಾಕುವ ಚೀಟಿಯಂಥ ಫಲಕ. ಮನೆ ಬಿಟ್ಟು ಓಡುವಾಗ ಅದನ್ನು ಹೊರಗೆ ಸಿಗಿಸಿ ಹೋದರೆ, ಈ ಮನೆಯವರು ಹೊರಟು ಹೋಗಿದ್ದಾರೆ ಎಂದರ್ಥ. ಹುಡುಕಿಕೊಂಡು ಬಂದವರು ಖಾಲಿ ಮನೆಯ ಬಾಗಿಲು ಬಡಿಯುತ್ತ ಜೀವ ಕಳೆದುಕೊಳ್ಳುವುದು ತಪ್ಪುತ್ತದೆ. ಮಕ್ಕಳು ಇಂಥ ಸುಮಾರು ಸಾವಿರ ಫಲಕ ತಯಾರಿಸಿ ಮನೆಮನೆಗೆ ಹಂಚಿದ್ದರು. ಹಂಚುವಾಗ ಪ್ರತಿ ಮನೆಯಲ್ಲೂ ಅದೇಕೆ ಎಂದು ವಿವರಿಸಬೇಕಲ್ಲ. ಒಬ್ಬ ಹುಡುಗಿ ಹತ್ತು ಮನೆಗೆ ಹೇಳಿ ಬಂದಳೆಂದರೆ ಹತ್ತು ಸಲ ತಾನೇ ಕಲಿತಂತೆ. ಕತಾದಾ ಅವರ ಉಪನ್ಯಾಸಕ್ಕೆ ಬಾರದ ಜನರ ಹೊಸ್ತಿಲಿಗೆ ವಿಷಯ ಮುಟ್ಟಿದ್ದೂ ಹೀಗೆಯೇ.

ದುರಂತದ ನಂತರ ಈ ಮಕ್ಕಳೇ ನಿರಾಶ್ರಿತರು. ಮನೆ ಹೋಗಿತ್ತು, ಕೆಲವರ ಅಪ್ಪ ಅಮ್ಮಂದಿರೂ ಹೋಗಿದ್ದರು. ಆಶ್ರಯ ತಾಣಗಳಲ್ಲಿ ಹೆಸರು ಪಟ್ಟಿ ಬರೆಯುವುದು, ಊಟ ಹಂಚುವುದು, ಗುಡಿಸಿ ಸಾರಿಸುವುದು ಮಕ್ಕಳ ಕೈಗೂ ಬಂತು. ಹೆಸರು ಪಟ್ಟಿ ಸಣ್ಣ ಕೆಲಸವಲ್ಲ. ಯಾರು ಎಲ್ಲಿದ್ದಾರೆ ಎಂದು ಬರೆದಿಟ್ಟ ಹಾಳೆ ಇಲ್ಲದಿದ್ದರೆ ಹುಡುಕುವವರು ಊರೂರು ಅಲೆಯಬೇಕು.

ಮಾನವೀಯ ನೆರವು ಎಂದರೆ ಬಹುತೇಕ ತರಗತಿಗಳಲ್ಲಿ ದೇಣಿಗೆ ಡಬ್ಬಿ ಮತ್ತು ಹಳೇ ಬಟ್ಟೆ. ಕೊಡುವ ಮನಸ್ಸು ಬೆಳೆಯಲಿ, ಬೇಡವೆನ್ನುವವರಾರು? ಆದರೆ ನೆರವಿಗೂ ಲೆಕ್ಕವಿದೆ ಎಂಬುದು ಮಕ್ಕಳಿಗೆ ಗೊತ್ತಾಗಬೇಕು. 1993ರಲ್ಲಿ ಜಪಾನಿನ ಒಕುಶಿರಿ ದ್ವೀಪಕ್ಕೆ ಭೂಕಂಪ, ಸುನಾಮಿ ಬಡಿದಾಗ ದೇಶದ ಮೂಲೆಮೂಲೆಯಿಂದ ಸಾಮಾನು ಹರಿದು ಬಂತು. ಅದನ್ನು ಇಡಲೆಂದೇ ಗೋದಾಮು ಕಟ್ಟಬೇಕಾಯಿತು, ಕೊನೆಗೆ ರಾಶಿ ರಾಶಿ ಬಟ್ಟೆ ಸುಡಬೇಕಾಯಿತು. ವಿಂಗಡಿಸುವ ಕೆಲಸಕ್ಕೆ ನಿಂತ ಕೈಗಳೆಲ್ಲ ಬೇರೆ ಕೆಲಸಕ್ಕೆ ಬೇಕಾಗಿದ್ದ ಕೈಗಳೇ.

ನೆರವು ಸಂಸ್ಥೆಗಳು ಜಗತ್ತಿನೆಲ್ಲೆಡೆ ಪಾಲಿಸಲು ಯತ್ನಿಸುವ ಸ್ಫಿಯರ್ ಮಾನದಂಡಗಳು ಗಣಿತದ ಪಾಠಕ್ಕೆ ಹೇಳಿ ಮಾಡಿಸಿದಂತಿವೆ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗಲು 3.5 ಚದರ ಮೀಟರ್ ಜಾಗ, 20 ಜನರಿಗೊಂದು ಶೌಚಾಲಯ. ಈಗ 700 ಚದರ ಮೀಟರಿನ ಒಂದು ಶಾಲಾ ಸಭಾಂಗಣಕ್ಕೆ 600 ಜನ ಬಂದಿದ್ದಾರೆ ಎಂದುಕೊಳ್ಳಿ. ನೀರು 9,000 ಲೀಟರ್ ಬೇಕು, ಶೌಚಾಲಯ 30. ಜಾಗ ಹಿಡಿಸುವುದು 200 ಜನರಿಗೆ ಮಾತ್ರ. ಉಳಿದ 400 ಜನ ಎಲ್ಲಿಗೆ? ಬಾಣಂತಿಗೆ ಯಾವ ಮೂಲೆ, ಗಾಲಿಕುರ್ಚಿಯವರಿಗೆ ಬಾಗಿಲ ಬಳಿಯೇ, ಒಳಗೇ? ಉತ್ತರ ಪುಸ್ತಕದಲ್ಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ 3.5 ಚದರ ಮೀಟರಿನ ಚೌಕ ಬರೆದು ಅದರೊಳಗೆ ಮಲಗಿ ನೋಡಿದ ಮಗುವಿಗೆ ಆಶ್ರಯ ಎಂದರೇನು ಎಂಬುದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಹೊರಗಿನ ನೆರವೂ ಈ ಕರಾವಳಿಗೆ ಬಂತು. ಬ್ರಿಟನ್, ಅಮೆರಿಕದ ಶೋಧ ತಂಡಗಳು ಕಮಾಯಿಶಿಯಲ್ಲಿ ದುಡಿದವು. ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) 46 ಜನರ ತಂಡ ದಕ್ಷಿಣಕ್ಕೆ ಒನಗಾವಾ ಎಂಬ ಊರಿನಲ್ಲಿ ಹುಡುಕಾಟ ನಡೆಸಿತು, ಆ ಪಡೆಗೆ ಅದೇ ಮೊದಲ ವಿದೇಶಿ ಕಾರ್ಯಾಚರಣೆ. ಮುಂದೆ ಉನೊಸುಮಾಯಿಯ ಆ ಎರಡು ಶಾಲೆಗಳಿದ್ದ ಜಾಗದಲ್ಲಿ ರಗ್ಬಿ ಕ್ರೀಡಾಂಗಣ ಎದ್ದಿತು. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ವಿಶ್ವಕಪ್ ಪಂದ್ಯ ನಡೆದಾಗ ಊರಿನ ಮಕ್ಕಳು ಜಗತ್ತಿಗೆ ಕೃತಜ್ಞತೆ ಹೇಳಿ ಹಾಡಿದರು. ಅಕ್ಟೋಬರ್‌ನ ಎರಡನೇ ಪಂದ್ಯ ಚಂಡಮಾರುತದಿಂದ ರದ್ದಾಯಿತು. ಆಡಬೇಕಿದ್ದ ಕೆನಡಾ ತಂಡದ ಆಟಗಾರರು ಬೀದಿಗಿಳಿದು ಸಲಿಕೆ ಹಿಡಿದು ಕೆಸರು ಎತ್ತಿದರು. ಕೊಡುವ ದೇಶ, ಪಡೆಯುವ ದೇಶ ಎಂದು ಎರಡು ಪಟ್ಟಿ ಬರೆಸುವ ಸಮಾಜ ಪಾಠಕ್ಕೆ ಈ ಘಟನೆ ಸ್ವಲ್ಪ ಕಿರಿಕಿರಿ ಮಾಡುತ್ತದೆ, ಮಾಡಲಿ.

ಇನ್ನೂ ಬಗೆಹರಿಯದ ಒಂದು ವಿಷಯ

ಮಕ್ಕಳನ್ನು ಪೋಷಕರ ಕೈಗೆ ಒಪ್ಪಿಸುವ ನಿಯಮ. ಭೂಕಂಪವಾದ ಕೂಡಲೇ ತಾಯಿ ಶಾಲೆಯ ಗೇಟಿಗೆ ಓಡಿ ಬರುತ್ತಾಳೆ. ಮಗುವನ್ನು ಕಳಿಸದಿರಲು ಶಿಕ್ಷಕರಿಗೆ ಬಾಯಿ ಬರುವುದಿಲ್ಲ. ಕಳಿಸಿದರೆ ಇಬ್ಬರೂ ಅಲೆಯ ದಾರಿಗೆ ಇಳಿಯಬಹುದು. ಪ್ರತಿಯೊಬ್ಬರೂ ತಾವಿದ್ದಲ್ಲಿಂದಲೇ ತಮ್ಮಷ್ಟಕ್ಕೆ ಓಡಿ ಜೀವ ಉಳಿಸಿಕೊಳ್ಳಬೇಕೆಂಬ ಹಳೆಯ ಮಾತು ಸಾನ್‌ರಿಕುವಿನಲ್ಲಿದೆ. ಕೇಳಲು ಕಠೋರ. ಮಗು ಖಂಡಿತ ಓಡುತ್ತದೆ ಎಂದು ತಾಯಿಗೆ, ಅಮ್ಮ ನನ್ನನ್ನು ಹುಡುಕುತ್ತ ನಿಲ್ಲುವುದಿಲ್ಲ ಎಂದು ಮಗುವಿಗೆ ಮೊದಲೇ ನಂಬಿಕೆ ಇದ್ದರೆ ಮಾತ್ರ ಅದು ನಡೆಯುತ್ತದೆ. ಕತಾದಾ ಮಕ್ಕಳಿಗೆ ಕೊಟ್ಟ ಮನೆಗೆಲಸದಲ್ಲಿ ಇದೂ ಒಂದು: ನಾನು ಓಡುತ್ತೇನೆ, ನೀವೂ ಓಡಿ ಎಂದು ಅಪ್ಪ ಅಮ್ಮನಿಗೆ ನಂಬಿಕೆ ಬರುವವರೆಗೆ ಹೇಳುವುದು.

ಶಾಲೆಯ ಕಡೆಯಿಂದಲೂ ಇದು ಬರವಣಿಗೆಯಲ್ಲಿ ಇರಬೇಕು. ಎಚ್ಚರಿಕೆ ಜಾರಿಯಲ್ಲಿ ಇರುವವರೆಗೆ ಮಗುವನ್ನು ಯಾರಿಗೂ ಒಪ್ಪಿಸುವುದಿಲ್ಲ, ಗೇಟಿಗೆ ಬಂದ ಪೋಷಕರನ್ನೂ ಮಕ್ಕಳ ಜೊತೆಗೇ ಮೇಲಕ್ಕೆ ಕರೆದೊಯ್ಯುತ್ತೇವೆ, ಎರಡನೇ ತಾಣ ಇಂಥದ್ದು, ಅದೂ ಮುಳುಗಿದರೆ ಮೂರನೆಯದು ಇಂಥದ್ದು ಎಂದು. ವರ್ಷದ ಆರಂಭದಲ್ಲೇ ಪೋಷಕರ ಸಭೆಯಲ್ಲಿ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಸಭೆಗೆ ಬಾರದ ಪೋಷಕರ ಮನೆಗೆ ಆ ಹಾಳೆಯನ್ನು ಮಗುವಿನ ಕೈಯಲ್ಲೇ ಕಳಿಸಿ, ಓದಿ ಹೇಳುವ ಕೆಲಸವನ್ನೂ ಅದಕ್ಕೇ ಒಪ್ಪಿಸಬಹುದು.